ಚೆರ್ರಿ ಹಿಲ್‌ನ ಒಂಟಿ ಕೋಣೆ: ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಸೆರೆಮನೆಯ ಪ್ರಕರಣ

ಫಿಲಡೆಲ್ಫಿಯಾ ನಗರದ ಅಂಚಿನಲ್ಲಿ, ಹಿಂದೆ ಚೆರ್ರಿ ತೋಟವಿದ್ದ ದಿಬ್ಬದ ಮೇಲೆ 11 ಎಕರೆಯಲ್ಲಿ ಎದ್ದ ಈಸ್ಟರ್ನ್ ಸ್ಟೇಟ್ ಸೆರೆಮನೆಗೆ 1829ರ ಅಕ್ಟೋಬರ್ 25ರಂದು ಮೊದಲ ಕೈದಿ ಬಂದ. ಹೆಸರು ಚಾರ್ಲ್ಸ್ ವಿಲಿಯಮ್ಸ್, ವಯಸ್ಸು 18, ಕರಿಯ ಜನಾಂಗದ ಯುವಕ. ಕಸುಬು ಬೇಸಾಯ, ಓದಲು ಬರುತ್ತದೆ ಎಂದು ದಾಖಲೆ ಪುಸ್ತಕದಲ್ಲಿ ಬರೆದುಕೊಂಡರು. ಅವನು ಕದ್ದದ್ದು 20 ಡಾಲರಿನ ಒಂದು ಗಡಿಯಾರ, 3 ಡಾಲರಿನ ಚಿನ್ನದ ಮುದ್ರೆ, ಒಂದು ಚಿನ್ನದ ಕೀಲಿ. ಶಿಕ್ಷೆ ಎರಡು ವರ್ಷ. ಆ ಎರಡು ವರ್ಷವೂ ಅವನು ಇನ್ನೊಬ್ಬ ಕೈದಿಯ ಮುಖ ನೋಡಬಾರದು, ದನಿ ಕೇಳಬಾರದು. ಅಲ್ಲಿಗೆ ಯಾರು ಯಾರು ಬಂದಿದ್ದರು ಎಂಬುದು ಬಿಡುಗಡೆಯ ದಿನವೂ ಅವನಿಗೆ ಗೊತ್ತಿರಬಾರದು. ಕಟ್ಟಡವನ್ನು ಕಟ್ಟಿದ್ದೇ ಇದಕ್ಕಾಗಿ.

ಅಮೆರಿಕದ ದಂಡನೆಯ ಇತಿಹಾಸದಲ್ಲಿ ಇಷ್ಟು ಖರ್ಚು ಮಾಡಿ, ಇಷ್ಟು ಒಳ್ಳೆಯ ಮನಸ್ಸಿನಿಂದ ನಡೆಸಿದ ಪ್ರಯೋಗಗಳು ಕಡಿಮೆ. ಅದು ಎಲ್ಲಿ ಕೆಟ್ಟಿತು, ಯಾಕೆ ನಿಂತಿತು ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು. ಕೆಟ್ಟದ್ದು ಒಂದು ಕಾರಣಕ್ಕೆ, ನಿಂತದ್ದು ಇನ್ನೊಂದು ಕಾರಣಕ್ಕೆ.

ಸೆರೆಯೇ ಶಿಕ್ಷೆಯಾದದ್ದು

ವಸಾಹತು ಕಾಲದ ಅಮೆರಿಕದಲ್ಲಿ ಜೈಲು ಎಂದರೆ ಕಾಯುವ ಜಾಗ. ವಿಚಾರಣೆಗೆ ಕಾದವರು, ಸಾಲ ತೀರಿಸಲಾಗದವರು ಅಲ್ಲಿರುತ್ತಿದ್ದರು. ನಿಜವಾದ ಶಿಕ್ಷೆ ನಡೆಯುತ್ತಿದ್ದದ್ದು ಬಯಲಿನಲ್ಲಿ, ಜನರ ಮುಂದೆ: ಚಾವಟಿ ಏಟು, ಬರೆ, ಮರದ ಹಲಗೆಗೆ ಕತ್ತು ಕೈ ಸಿಕ್ಕಿಸಿ ನಿಲ್ಲಿಸುವುದು, ಗಲ್ಲು. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾದಲ್ಲಿ ಅದರ ಸ್ಥಾಪಕ ವಿಲಿಯಂ ಪೆನ್ 1682ರಲ್ಲಿ ಮರಣದಂಡನೆಯನ್ನು ಕೊಲೆಗೆ ಮಾತ್ರ ಮಿತಿಗೊಳಿಸಿದ್ದ. ಆದರೆ 1718ರಲ್ಲಿ ಇಂಗ್ಲೆಂಡಿನ ಕಠಿಣ ಕಾನೂನು ಮತ್ತೆ ಬಂದು ಗಲ್ಲಿನ ಪಟ್ಟಿ ಉದ್ದವಾಯಿತು.

ಸ್ವಾತಂತ್ರ್ಯದ ನಂತರ 1786ರಲ್ಲಿ ರಾಜ್ಯ ಹೊಸ ದಾರಿ ಹುಡುಕಿತು. ಅನೇಕ ಅಪರಾಧಗಳಿಗೆ ಗಲ್ಲಿನ ಬದಲು ಬೀದಿಯಲ್ಲಿ ಬಹಿರಂಗ ಕೂಲಿ. ತಲೆ ಬೋಳಿಸಿ, ಸರಪಳಿ ಬಿಗಿದು, ಕೈಗೆ ತಳ್ಳುಗಾಡಿ ಕೊಟ್ಟು ಕೈದಿಗಳನ್ನು ಫಿಲಡೆಲ್ಫಿಯಾದ ರಸ್ತೆಗಳಿಗೆ ಬಿಟ್ಟರು. ಜನ ಗುಂಪು ಸೇರಿದರು, ಹೀಯಾಳಿಸಿದರು, ಕೈದಿಗಳೂ ತಿರುಗಿ ಬೈದರು, ಜಗಳ ಮಾಡಿದರು. ನಾಚಿಕೆಯಿಂದ ಮನುಷ್ಯ ತಿದ್ದಿಕೊಳ್ಳುತ್ತಾನೆ ಎಂಬ ನಂಬಿಕೆ ಕೆಲವೇ ತಿಂಗಳಲ್ಲಿ ಬಿದ್ದುಹೋಯಿತು. 1787ರ ಮಾರ್ಚ್‌ನಲ್ಲಿ ವೈದ್ಯ ಬೆಂಜಮಿನ್ ರಶ್, ರಾಷ್ಟ್ರನಾಯಕ ಬೆಂಜಮಿನ್ ಫ್ರಾಂಕ್ಲಿನ್ ಮನೆಯ ಸಭೆಯಲ್ಲಿ ಬಹಿರಂಗ ಶಿಕ್ಷೆಯ ವಿರುದ್ಧ ಪ್ರಬಂಧ ಓದಿದ. ಅದೇ ವರ್ಷ ಮೇ ತಿಂಗಳಲ್ಲಿ ಸೆರೆಮನೆಗಳ ಸಂಕಟ ತಗ್ಗಿಸುವ ಸಂಘವೊಂದು ಹುಟ್ಟಿತು. ಅದರಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು ಬಹಳ. ಶಿಕ್ಷೆಯನ್ನು ಜನರ ಕಣ್ಣಿನಿಂದ ದೂರವಿಡಬೇಕು, ಕೈದಿಯನ್ನು ಕೈದಿಯಿಂದಲೂ ದೂರವಿಡಬೇಕು, ಒಂಟಿಯಾಗಿ ಕೂತವನು ತನ್ನೊಳಗನ್ನು ತಾನೇ ನೋಡಿಕೊಳ್ಳುತ್ತಾನೆ ಎಂಬುದು ಅವರ ವಾದ.

ಮೊದಲ ಪರೀಕ್ಷೆ ನಡೆದದ್ದು 1790ರಲ್ಲಿ, ವಾಲ್ನಟ್ ಬೀದಿಯ ಜೈಲಿನ ಅಂಗಳದಲ್ಲಿ ಕಟ್ಟಿದ 16 ಒಂಟಿ ಕೋಣೆಗಳಲ್ಲಿ. 1794ರಲ್ಲಿ ರಾಜ್ಯ ಮರಣದಂಡನೆಯನ್ನು ಮೊದಲ ದರ್ಜೆಯ ಕೊಲೆಗೆ ಸೀಮಿತಗೊಳಿಸಿದ್ದರಿಂದ, ಹಿಂದಾದರೆ ಗಲ್ಲಿಗೇರುತ್ತಿದ್ದವರೂ ಈಗ ಸೆರೆಗೆ ಬರತೊಡಗಿದರು. ಹದಿನಾರು ಕೋಣೆ ಯಾವ ಮೂಲೆಗೂ ಸಾಲಲಿಲ್ಲ. ಉಳಿದವರು ದೊಡ್ಡ ಕೊಠಡಿಗಳಲ್ಲಿ ಒತ್ತೊತ್ತಾಗಿ ಮಲಗಿದರು. ವ್ಯವಸ್ಥೆ ಸೋತಿತು ಎನ್ನಲು ಸುಧಾರಕರು ಒಪ್ಪಲಿಲ್ಲ. ಅದನ್ನು ಸರಿಯಾಗಿ ಮಾಡಿಯೇ ನೋಡಿಲ್ಲ ಎಂದರು. 1821ರ ಮಾರ್ಚ್ 20ರಂದು ರಾಜ್ಯದ ಶಾಸನಸಭೆ 250 ಕೈದಿಗಳ ಹೊಸ ಸೆರೆಮನೆಗೆ ಒಂದು ಲಕ್ಷ ಡಾಲರ್ ಮಂಜೂರು ಮಾಡಿತು.

ಕಟ್ಟಡ

ವಾಸ್ತುಶಿಲ್ಪಿ ಜಾನ್ ಹ್ಯಾವಿಲ್ಯಾಂಡ್, ಇಂಗ್ಲೆಂಡಿನಿಂದ ಬಂದು ನೆಲೆಸಿದವನು. ಅವನ ಮುಂದಿದ್ದ ಸಮಸ್ಯೆ ವಿಚಿತ್ರವಾದದ್ದು. ಮನುಷ್ಯನೊಬ್ಬ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಉಣ್ಣಬೇಕು, ಕೆಲಸ ಮಾಡಬೇಕು, ಮಲಗಬೇಕು, ಕಕ್ಕಸಿಗೆ ಹೋಗಬೇಕು, ಗಾಳಿ ಬಿಸಿಲು ಕಾಣಬೇಕು. ಒಮ್ಮೆಯೂ ಇನ್ನೊಬ್ಬನನ್ನು ಸಂಧಿಸಬಾರದು. ಮಾಮೂಲಿ ಜೈಲಿನಲ್ಲಿ ಕೈದಿಯನ್ನು ಅಡುಗೆಮನೆಗೆ, ಬಾವಿಗೆ, ಅಂಗಳಕ್ಕೆ ಕರೆದೊಯ್ಯುತ್ತಾರೆ. ಇಲ್ಲಿ ಅವೆಲ್ಲ ಕೋಣೆಗೇ ಬರಬೇಕು.

ಹೊರಗೋಡೆ 30 ಅಡಿ ಎತ್ತರ, ಬುಡದಲ್ಲಿ 12 ಅಡಿ ದಪ್ಪ. ನಡುವೆ ಒಂದು ದುಂಡು ಕಟ್ಟಡ, ಅದರಿಂದ ಗಾಡಿ ಚಕ್ರದ ಅರಗಳಂತೆ ಏಳು ಸಾಲು. ಪ್ರತಿ ಸಾಲಿನ ಮಧ್ಯೆ ಉದ್ದನೆಯ ಓಣಿ, ಎರಡೂ ಬದಿ ಕೋಣೆಗಳು. ನಡುವೆ ನಿಂತ ಒಬ್ಬ ಕಾವಲುಗಾರ ತಿರುಗಿದರೆ ಎಲ್ಲ ಓಣಿಗಳೂ ಕಾಣುತ್ತವೆ, ಕೋಣೆಯ ಒಳಗು ಕಾಣುವುದಿಲ್ಲ. ಇಂಗ್ಲೆಂಡಿನ ಚಿಂತಕ ಬೆಂಥಮ್ ಕಲ್ಪಿಸಿದ ಪ್ಯಾನಾಪ್ಟಿಕಾನ್ ಎಂಬ ಸೆರೆಮನೆಯ ಮಾದರಿಯಲ್ಲಿ ನಡುಗೋಪುರದಿಂದ ಪ್ರತಿ ಕೈದಿಯೂ ಕಾಣಬೇಕು. ಈ ಎರಡನ್ನೂ ಒಂದೇ ಎಂದು ಬರೆಯುವುದು ಸಾಮಾನ್ಯವಾಗಿದೆ, ಆದರೆ ಹ್ಯಾವಿಲ್ಯಾಂಡನ ಗುರಿ ನೋಡುವುದಕ್ಕಿಂತ ಹೆಚ್ಚಾಗಿ ಬೇರ್ಪಡಿಸುವುದು.

ಮೊದಲ ಸಾಲುಗಳ ಕೋಣೆ ಸುಮಾರು 8 ಅಡಿ ಅಗಲ, 12 ಅಡಿ ಉದ್ದ. ಕಮಾನಿನ ಚಾವಣಿಯಲ್ಲಿ ಒಂದೇ ಒಂದು ಬೆಳಕಿಂಡಿ. ಆಕಾಶದ ತುಣುಕು ಬಿಟ್ಟರೆ ಬೇರೇನೂ ಕಾಣದು. ಕೋಣೆಯ ಹಿಂದೆ ಅವನದೇ ಒಂದು ಪುಟ್ಟ ಅಂಗಳ, 8 ಅಡಿಗೆ 18 ಅಡಿ, ಸುತ್ತ ಎತ್ತರದ ಗೋಡೆ, ಮೇಲೆ ಬಯಲು. ದಿನಕ್ಕೆ ಒಂದು ಗಂಟೆ ಅಲ್ಲಿರಬಹುದು. ಪಕ್ಕಪಕ್ಕದ ಎರಡು ಅಂಗಳಗಳಿಗೆ ಒಂದೇ ಹೊತ್ತಿಗೆ ಕೈದಿಗಳನ್ನು ಬಿಡುವಂತಿಲ್ಲ. ಬಿಟ್ಟರೆ ಗೋಡೆಯಾಚೆಯಿಂದ ಮಾತು ದಾಟುತ್ತದೆ. ಆರಂಭದಲ್ಲಿ ಕೋಣೆಗೆ ಓಣಿಯ ಕಡೆ ಬಾಗಿಲೇ ಇರಲಿಲ್ಲ. ಊಟ ತಳ್ಳುವ ಕಿಂಡಿ ಮಾತ್ರ. ಒಳಗೆ ಹೋಗಬೇಕಾದರೆ ಹಿಂದಿನ ಅಂಗಳದಿಂದ ಸುತ್ತಿ ಬರಬೇಕು. ಕೆಲಸದ ಸಾಮಾನು ಕೊಡಲು, ಕಾಯಿಲೆಯವನನ್ನು ನೋಡಲು ಇದು ಆಗದ ಕೆಲಸವೆಂದು ಬೇಗ ಅರಿವಾಗಿ, ಓಣಿಯ ಕಡೆ ತಗ್ಗಾದ ಬಾಗಿಲುಗಳನ್ನು ಕೊರೆದರು.

ಪ್ರತಿ ಕೋಣೆಗೂ ನೀರಿನ ನಲ್ಲಿ, ನೀರು ಹಾಯುವ ಕಕ್ಕಸು, ಕೇಂದ್ರದಿಂದ ಬರುವ ಶಾಖ. ಇದು ಕೈದಿಗಳ ಸುಖಕ್ಕೆಂದು ಮಾಡಿದ್ದಲ್ಲ. ಮಲದ ಬಕೆಟ್ ಹೊರಗೆ ಒಯ್ಯಲು ಕೈದಿ ಓಣಿಗೆ ಬಂದರೆ ಪ್ರತ್ಯೇಕತೆ ಮುರಿಯುತ್ತದೆ, ಅದಕ್ಕೆ. ಅಧ್ಯಕ್ಷರ ಶ್ವೇತಭವನಕ್ಕೆ ಕೊಳವೆ ನೀರು ಬಂದದ್ದು 1833ರಲ್ಲಿ. ಇಲ್ಲಿನ ಕಳ್ಳರಿಗೆ ಅದು ಮೊದಲೇ ಸಿಕ್ಕಿತ್ತು.

1836ರಲ್ಲಿ ಕೆಲಸ ಮುಗಿಯುವ ಹೊತ್ತಿಗೆ ಕೋಣೆ 450, ಖರ್ಚು ಸುಮಾರು 7,80,000 ಡಾಲರ್. ಕೋಣೆಗೆ 1,700 ಡಾಲರಿಗೂ ಮೇಲೆ. ನ್ಯೂಯಾರ್ಕಿನ ಸಿಂಗ್ ಸಿಂಗ್ ಸೆರೆಮನೆಯಲ್ಲಿ ಒಂದು ಕೋಣೆಗೆ ಬಿದ್ದ ಖರ್ಚು ಸುಮಾರು 200 ಡಾಲರ್. ಮುಂದಿನ ಎಷ್ಟೋ ತೀರ್ಮಾನಗಳ ಹಿಂದೆ ಈ ಎರಡು ಅಂಕಿಗಳಿವೆ.

ಒಳಗೆ ಬಂದವನ ಕ್ರಮ

ಬಂದ ಕೂಡಲೇ ವೈದ್ಯರ ತಪಾಸಣೆ, ಕೂದಲು ಕತ್ತರಿಸುವುದು, ಸ್ನಾನ, ಸೆರೆಮನೆಯ ಬಟ್ಟೆ. ಎತ್ತರ, ಪಾದದ ಉದ್ದ, ಮೈಮೇಲಿನ ಗಾಯದ ಗುರುತು ಎಲ್ಲವನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಆಮೇಲೆ ಹೆಸರು ಹೋಗಿ ಸಂಖ್ಯೆ ಬರುತ್ತದೆ. ಮುಖ ಮುಚ್ಚುವ ಮುಸುಕು ಹಾಕಿ ಕೋಣೆಗೆ ನಡೆಸಿಕೊಂಡು ಹೋಗುತ್ತಾರೆ. ಎಷ್ಟು ತಿರುವು ದಾಟಿದೆ, ಎಡಕ್ಕೆ ಯಾರಿದ್ದಾರೆ, ಕಟ್ಟಡ ಹೇಗಿದೆ ಎಂಬುದು ಅವನಿಗೆ ತಿಳಿಯಬಾರದು. ತಪ್ಪಿಸಿಕೊಳ್ಳುವುದು ಅದರಿಂದಲೂ ಕಷ್ಟ, ಬಿಡುಗಡೆಯ ಮೇಲೆ ಹಳೆಯ ಜೈಲು ಸಂಗಾತಿ ಗುರುತು ಹಿಡಿದು ಕಾಡುವುದೂ ಇಲ್ಲ. ಈ ಎರಡನೆಯ ಕಾರಣವನ್ನು ಸುಧಾರಕರು ಪ್ರಾಮಾಣಿಕವಾಗಿ ನಂಬಿದ್ದರು, ಅದರಲ್ಲಿ ಹುರುಳೂ ಇತ್ತು.

ಮೊದಲು ಕೆಲವು ದಿನ ಕೆಲಸವಿಲ್ಲ, ಪುಸ್ತಕವಿಲ್ಲ. ಸುಮ್ಮನೆ ಕೂತು ಬೇಸತ್ತು, ಕೆಲಸ ಕೊಡಿ ಎಂದು ಅವನೇ ಕೇಳುವವರೆಗೆ ಕಾಯುವುದು ಪದ್ಧತಿ. ಕೇಳಿದ ಮೇಲೆ ಮಗ್ಗವೋ ಬೂಟು ಹೊಲಿಯುವ ಸಾಮಾನೋ ಕೋಣೆಗೆ ಬರುತ್ತದೆ, ಜೊತೆಗೆ ಬೈಬಲ್. ಕೆಲಸ ದಂಡವಾಗಿ ಅಲ್ಲ, ಉಪಕಾರವಾಗಿ ಕಾಣಬೇಕು ಎಂಬ ಲೆಕ್ಕ. ಮನೆಯವರ ಭೇಟಿ ಇಲ್ಲ, ಕಾಗದವಿಲ್ಲ. ವಾರ್ಡನ್, ಕಾವಲುಗಾರ, ವೈದ್ಯ, ತನಿಖಾ ಮಂಡಳಿಯವರು, ಧರ್ಮೋಪದೇಶಕರು, ಸಂಘದ ಭೇಟಿಗಾರರು, ಇವರಷ್ಟೇ ಅವನು ನೋಡುವ ಮನುಷ್ಯರು. ಕಾವಲುಗಾರರು ಬೂಟಿನ ಮೇಲೆ ಕಾಲುಚೀಲ ಹಾಕಿಕೊಂಡು ಓಡಾಡುತ್ತಿದ್ದರು, ಊಟದ ಗಾಡಿಯ ಚಕ್ರಕ್ಕೆ ಚರ್ಮ ಸುತ್ತಿರುತ್ತಿತ್ತು. ಸದ್ದಿಲ್ಲದ್ದರಿಂದ ಕೈದಿಗಳ ಪಿಸುಮಾತು ಕಾವಲಿನವರಿಗೆ ಕೇಳುತ್ತಿತ್ತು, ಕಾವಲಿನವರು ಬಂದದ್ದು ಕೈದಿಗಳಿಗೆ ತಿಳಿಯುತ್ತಿರಲಿಲ್ಲ.

ಎಲ್ಲಿ ಮುರಿಯಿತು

ಮೊದಲು ಸೋತದ್ದು ಕೊಳವೆ. ಒಂದು ಸಾಲಿನ ಕಕ್ಕಸುಗಳೆಲ್ಲ ಒಂದೇ ಕೊಳವೆಗೆ ಸೇರುತ್ತಿದ್ದವು. ಅದರಲ್ಲಿ ನೀರು ತುಂಬಿರುವವರೆಗೆ ದುರ್ವಾಸನೆಗೂ ದನಿಗೂ ತಡೆ. ತೊಳೆಯಲು ನೀರು ಬಿಟ್ಟ ಕೂಡಲೇ ಕೊಳವೆ ಬರಿದಾಗಿ ಕೋಣೆಯಿಂದ ಕೋಣೆಗೆ ಮಾತಿನ ನಳಿಗೆಯಾಯಿತು. ಕೈದಿಗಳು ಆ ಹೊತ್ತನ್ನು ಕಾಯುತ್ತಿದ್ದರು, ಉಳಿದ ಹೊತ್ತಿನಲ್ಲಿ ಗೋಡೆ, ಕೊಳವೆ ತಟ್ಟುತ್ತಿದ್ದರು. ಮನುಷ್ಯನನ್ನು ಮಾತಿನಿಂದ ಕತ್ತರಿಸಲು ತಂದ ಸೌಲಭ್ಯವೇ ಮಾತಿನ ದಾರಿಯಾಯಿತು.

ಎರಡನೆಯದು ಜಾಗ. ಕಟ್ಟುತ್ತಿರುವಾಗಲೇ ಕೈದಿಗಳ ಸಂಖ್ಯೆ ಅಂದಾಜು ಮೀರುವುದು ಕಾಣಿಸಿ, ನಾಲ್ಕನೆಯ ಸಾಲಿನಿಂದ ಮುಂದೆ ಎರಡು ಅಂತಸ್ತು ಏರಿಸಿದರು. ಮೇಲಂತಸ್ತಿನವನಿಗೆ ಅಂಗಳ ಎಲ್ಲಿಂದ ತರುವುದು? ಅದರ ಬದಲು ಜೋಡಿ ಕೋಣೆ ಕೊಡುವ ಯೋಜನೆ ಮಾಡಿದರು. ಜನ ಹೆಚ್ಚಾದಂತೆ ಅದೂ ಹೋಯಿತು. ಬಯಲಿನಲ್ಲಿ ಕಳೆಯುವ ಒಂದು ಗಂಟೆ, ಇಡೀ ವ್ಯವಸ್ಥೆಯಲ್ಲಿ ದೇಹಕ್ಕೆ ಉಳಿದಿದ್ದ ಒಂದೇ ರಿಯಾಯಿತಿ, ಮೊದಲು ಕತ್ತರಿಗೆ ಸಿಕ್ಕಿತು.

ಮೂರನೆಯದು ವಾರ್ಡನ್ನನ ಮನೆ. ಮೊದಲ ವಾರ್ಡನ್ ಸ್ಯಾಮ್ಯುಯೆಲ್ ವುಡ್ ಕ್ವೇಕರ್. ಪ್ರತ್ಯೇಕತೆಯ ದೊಡ್ಡ ಪ್ರತಿಪಾದಕ. ಆದರೆ ಕೈದಿಗಳನ್ನೇ ಅಡುಗೆಗೆ, ಮನೆಗೆಲಸಕ್ಕೆ ಹಚ್ಚುವುದು ನಡೆದೇ ಇತ್ತು. 1832ರಲ್ಲಿ ವಾರ್ಡನ್ನನಿಗೆ ಊಟ ಬಡಿಸುತ್ತಿದ್ದ ಕೈದಿಯೊಬ್ಬ ಮುಂಭಾಗದ ಕಟ್ಟಡದ ಚಾವಣಿಯಿಂದ ಇಳಿದು ಓಡಿಹೋದ. ಅವನನ್ನು ಹಿಡಿದು ತಂದರು. 1837ರಲ್ಲಿ ಅದೇ ರೀತಿ ಮತ್ತೆ ಓಡಿಹೋದ.

ನಾಲ್ಕನೆಯದು ಎಲ್ಲಕ್ಕಿಂತ ಆಳದ್ದು: ನಿಯಮ ಮುರಿದವನಿಗೆ ಏನು ಶಿಕ್ಷೆ? ಚಾವಟಿಯನ್ನು ಈ ವ್ಯವಸ್ಥೆ ಹೆಮ್ಮೆಯಿಂದ ಬಿಟ್ಟಿತ್ತು. ಬೇರೆ ಜೈಲುಗಳಲ್ಲಿ ಕೊನೆಯ ಶಿಕ್ಷೆ ಒಂಟಿ ಕೋಣೆ. ಇಲ್ಲಿ ಎಲ್ಲರೂ ಆಗಲೇ ಅದರಲ್ಲಿದ್ದಾರೆ. ಉಳಿದದ್ದು ಕತ್ತಲೆ, ಹಸಿವು, ನೀರು, ಕಬ್ಬಿಣ. ಕೈಕಾಲು ಅಲುಗಿಸಲಾಗದಂತೆ ಕುರ್ಚಿಗೆ ಬಿಗಿಯುವುದು. ಚಳಿಗಾಲದಲ್ಲಿ ಬಯಲಲ್ಲಿ ಕಟ್ಟಿ ಮೇಲಿನಿಂದ ತಣ್ಣೀರು ಸುರಿಯುವುದು. ಎಲ್ಲಕ್ಕಿಂತ ಕ್ರೂರವಾದದ್ದು ಬಾಯಿಗೆ ಹಾಕುವ ಕಬ್ಬಿಣ: ನಾಲಿಗೆಯ ಮೇಲೆ ಕೂರುವ ತುಂಡು, ಅದರಿಂದ ಹೊರಟ ಸರಪಳಿ ಕತ್ತು ಬಳಸಿ, ಬೆನ್ನ ಹಿಂದೆ ಮೇಲಕ್ಕೆಳೆದು ಕಟ್ಟಿದ ಕೈಗಳಿಗೆ ಸೇರುತ್ತದೆ. ದಣಿದು ಕೈ ಇಳಿಸಿದಷ್ಟೂ ಬಾಯೊಳಗಿನ ಕಬ್ಬಿಣ ಒತ್ತುತ್ತದೆ. 1833ರಲ್ಲಿ ಮಥಾಯಸ್ ಮಕಂಸಿ ಎಂಬ ಕೈದಿ ಇದನ್ನು ಹಾಕಿದ ಸ್ಥಿತಿಯಲ್ಲಿ ಪ್ರಾಣ ಬಿಟ್ಟ. ಮೌನದ ನಿಯಮವನ್ನು ಕಾಯಲು ಬಾಯಿಗೇ ಬೀಗ ಹಾಕಬೇಕಾಯಿತು.

ಶಾಸನಸಭೆಯ ವಿಚಾರಣೆ 1834ರ ಕೊನೆಯಲ್ಲಿ ಶುರುವಾಯಿತು. ಆರೋಪಗಳನ್ನು ಮುಂದಿಟ್ಟವನು ರಾಜ್ಯದ ಅಟಾರ್ನಿ ಜನರಲ್ ಜಾರ್ಜ್ ಡಲ್ಲಾಸ್, ಮುಂದೆ ದೇಶದ ಉಪಾಧ್ಯಕ್ಷನಾದವನು. ಕ್ರೂರ ಶಿಕ್ಷೆಯ ಜೊತೆ ಸರ್ಕಾರಿ ಸಾಮಾನಿನ ದುರುಪಯೋಗ, ಸಿಬ್ಬಂದಿಯ ಅನೈತಿಕ ನಡತೆ ಎಲ್ಲವೂ ಪಟ್ಟಿಯಲ್ಲಿದ್ದವು. ಸಮಿತಿಯ ಬಹುಮತ ವಾರ್ಡನ್ನನನ್ನು ಬಹುಮಟ್ಟಿಗೆ ದೋಷಮುಕ್ತನೆಂದಿತು. ತಪ್ಪು ವ್ಯಕ್ತಿಗಳದು, ಪದ್ಧತಿ ಸರಿ ಎಂಬ ತೀರ್ಪು ಅಲ್ಲಿಂದ ಗಟ್ಟಿಯಾಯಿತು. ಈ ತೀರ್ಪನ್ನು ಒಪ್ಪುವುದು ಕಷ್ಟ. ಬಾಯಿಗೆ ಕಬ್ಬಿಣ ಹಾಕಿದ ಕೈ ಒಬ್ಬನದಿರಬಹುದು. ಮಾತನಾಡುವುದನ್ನೇ ಅಪರಾಧ ಮಾಡಿದ್ದು ನಕ್ಷೆ.

ಮೊದಲೇ ಗೊತ್ತಿದ್ದದ್ದು

ಒಂಟಿತನ ಮನುಷ್ಯನಿಗೆ ಏನು ಮಾಡುತ್ತದೆ ಎಂಬುದು ಈ ಸೆರೆಮನೆ ತೆರೆಯುವ ಮೊದಲೇ ನ್ಯೂಯಾರ್ಕ್ ರಾಜ್ಯದ ಆಬರ್ನ್‌ನಲ್ಲಿ ಗೊತ್ತಾಗಿತ್ತು. 1821ರ ಕ್ರಿಸ್‌ಮಸ್ ದಿನ ಅಲ್ಲಿ ಸುಮಾರು 80 ಕೈದಿಗಳನ್ನು ಕೆಲಸವಿಲ್ಲದ ಪೂರ್ಣ ಒಂಟಿ ಸೆರೆಗೆ ಹಾಕಿದರು. ಕೋಣೆ 7 ಅಡಿ ಉದ್ದ, 3.5 ಅಡಿ ಅಗಲ, 7 ಅಡಿ ಎತ್ತರ. ಒಂದೇ ವರ್ಷದಲ್ಲಿ ಐವರು ಸತ್ತರು, ಒಬ್ಬ ಬಾಗಿಲು ತೆರೆದ ಗಳಿಗೆಯಲ್ಲಿ ಮೇಲಂತಸ್ತಿನಿಂದ ಹಾರಿದ, ಕೆಲವರಿಗೆ ಬುದ್ಧಿ ಕೆಟ್ಟಿತು. ರಾಜ್ಯಪಾಲರು 26 ಮಂದಿಗೆ ಕ್ಷಮೆ ನೀಡಿ ಬಿಟ್ಟರು; ಅವರಲ್ಲಿ 14 ಮಂದಿ ಹೊಸ ಅಪರಾಧ ಮಾಡಿ ಮತ್ತೆ ಜೈಲಿಗೆ ಬಂದರು ಎಂದು ಅಮೆರಿಕದ ಸೆರೆಮನೆಗಳನ್ನು ನೋಡಲು ಬಂದ ಫ್ರಾನ್ಸಿನ ಟಾಕ್ವಿಲ್ ಮತ್ತು ಬೋಮಾಂಟ್ ದಾಖಲಿಸಿದ್ದಾರೆ. ದೇಹವೂ ಉಳಿಯಲಿಲ್ಲ, ನಡತೆಯೂ ತಿದ್ದಲಿಲ್ಲ.

ಆಬರ್ನ್ ಆಮೇಲೆ ದಾರಿ ಬದಲಿಸಿತು. ರಾತ್ರಿ ಒಂಟಿ ಕೋಣೆ, ಹಗಲು ಕಾರ್ಖಾನೆಯಲ್ಲಿ ಒಟ್ಟಿಗೆ ಕೆಲಸ, ಮಾತು ಮಾತ್ರ ಇಲ್ಲ. ಪಟ್ಟೆ ಬಟ್ಟೆ, ಮುಂದಿನವನಿಗೆ ಅಂಟಿಕೊಂಡು ಒಂದೇ ಹೆಜ್ಜೆಯಲ್ಲಿ ಸಾಲು ನಡಿಗೆ, ತುಟಿ ಅಲುಗಿದರೆ ಚಾವಟಿ. ಅಲ್ಲಿನ ವಾರ್ಡನ್ ಎಲಮ್ ಲಿಂಡ್ಸ್ ಚಾವಟಿಯನ್ನು ಮುಚ್ಚುಮರೆಯಿಲ್ಲದೆ ಸಮರ್ಥಿಸುತ್ತಿದ್ದ. ಇದನ್ನು ಮೃದುವಾದ ಪದ್ಧತಿ ಎನ್ನಲಾಗದು. ಆದರೂ ಅಮೆರಿಕದ ಬಹುತೇಕ ರಾಜ್ಯಗಳು ಇದನ್ನೇ ಹಿಡಿದವು. ಕಾರಣ ಸ್ಪಷ್ಟ: ಅಗ್ಗದ ಕೋಣೆ, ಗುತ್ತಿಗೆದಾರನಿಗೆ ಮಾರಬಹುದಾದ ಕೂಲಿ. ಕೋಣೆಯೊಳಗೆ ಒಬ್ಬನೇ ಕೂತು ನೇಯುವವನಿಂದ ಕಾರ್ಖಾನೆಯ ಲಾಭ ಬರುವುದಿಲ್ಲ.

ಪೆನ್ಸಿಲ್ವೇನಿಯಾ ಆಬರ್ನ್ ಸಾವುಗಳಿಂದ ಕಲಿತದ್ದು ಒಂದೇ ಪಾಠ: ಕೋಣೆ ದೊಡ್ಡದಿರಲಿ, ಕೆಲಸ ಕೊಡೋಣ. 1829ರ ಏಪ್ರಿಲ್‌ನ ಕಾನೂನು ಒಂಟಿ ಸೆರೆಗೆ ದುಡಿಮೆಯನ್ನು ಸೇರಿಸಿತು. ಒಂಟಿತನವೇ ಕಾಯಿಲೆಯ ಮೂಲವಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಲಿಲ್ಲ. ಸೆರೆಮನೆಯ ವೈದ್ಯರ ವಾರ್ಷಿಕ ವರದಿಗಳಲ್ಲಿ ಇದು ಎದ್ದು ಕಾಣುತ್ತದೆ. ಬುದ್ಧಿಭ್ರಮಣೆಯ ಪ್ರಕರಣ ಬಂದಾಗ ಬರುವಾಗಲೇ ಕಾಯಿಲೆಯಿತ್ತು ಎನ್ನುತ್ತಾರೆ, ಇಲ್ಲವೇ ಹಸ್ತಮೈಥುನವೇ ಕಾರಣ ಎನ್ನುತ್ತಾರೆ. ಕರಿಯ ಕೈದಿಗಳು ಬಿಳಿಯರಿಗಿಂತ ಬಹಳ ಹೆಚ್ಚು ಸತ್ತದ್ದನ್ನು ಅವರದೇ ಅಂಕಿಗಳು ಹೇಳುತ್ತವೆ. ಅದಕ್ಕೂ ಜನಾಂಗದ ಮೈಕಟ್ಟನ್ನೇ ಹೊಣೆ ಮಾಡಿದರು. ಸೂರ್ಯನ ಬೆಳಕು ಸಾಲದ, ಗಾಳಿಯಾಡದ ಕೋಣೆಯಲ್ಲಿ ಕ್ಷಯ ಹೇಗೆ ಬೆಳೆಯುತ್ತದೆ ಎಂದು ಇಂದಿನ ಓದುಗರಿಗೆ ಹೇಳಬೇಕಾಗಿಲ್ಲ.

ನೋಡಲು ಬಂದವರು ಎರಡು ಪಂಗಡವಾದರು. 1831ರಲ್ಲಿ ಬಂದ ಟಾಕ್ವಿಲ್ ಕೈದಿಗಳೊಡನೆ ಕಾವಲಿಲ್ಲದೆ ಒಬ್ಬೊಬ್ಬರಾಗಿ ಮಾತನಾಡಿದ. ಅನೇಕರು ಕೆಲಸವಿಲ್ಲದಿದ್ದರೆ ಬದುಕಲಾಗದು ಎಂದರು. ಮುಂದೆ ಫ್ರಾನ್ಸಿನ ಸಂಸತ್ತಿನಲ್ಲಿ ಅವನು ಇದೇ ಪದ್ಧತಿಯ ಪರ ನಿಂತ. ಹುಚ್ಚರ ಆರೈಕೆಗಾಗಿ ಹೋರಾಡಿದ ಡೊರೊಥಿಯಾ ಡಿಕ್ಸ್ ಕೂಡ ಇದನ್ನು ಮೆಚ್ಚಿದಳು, ಇದು ಸುಲಭವಾಗಿ ಅರ್ಥವಾಗದ ಸಂಗತಿ. 1842ರ ಮಾರ್ಚ್‌ನಲ್ಲಿ ಬಂದ ಚಾರ್ಲ್ಸ್ ಡಿಕನ್ಸ್ ಮಾತ್ರ, ಇದನ್ನು ರೂಪಿಸಿದವರು ದಯಾಳುಗಳೇ, ಆದರೆ ಏನು ಮಾಡುತ್ತಿದ್ದೇವೆಂದು ಅವರಿಗೆ ತಿಳಿಯದು, ಮೈಮೇಲಿನ ಯಾವ ಹಿಂಸೆಗಿಂತಲೂ ಮಿದುಳಿನೊಳಗೆ ದಿನದಿನವೂ ನಡೆಯುವ ಈ ಹಿಂಸೆ ಘೋರ ಎಂದು ಬರೆದ. ಗಾಯ ಹೊರಗೆ ಕಾಣದ ಕಾರಣಕ್ಕೇ ಅದನ್ನು ಯಾರೂ ತಡೆಯುವುದಿಲ್ಲ ಎಂಬುದು ಅವನ ವಾದದ ತಿರುಳು. ವೈದ್ಯರು ನೋಡದೆ ಬಿಟ್ಟದ್ದನ್ನು ಕಾದಂಬರಿಕಾರ ನೋಡಿದ.

ತಲೆ ಎಣಿಕೆ ಮುಗಿಸಿದ ಪದ್ಧತಿ

ಡಿಕನ್ಸ್ ಬರೆದದ್ದರಿಂದ ಏನೂ ನಿಲ್ಲಲಿಲ್ಲ. ಲಂಡನ್ನಿನ ಪೆಂಟನ್‌ವಿಲ್ ಸೆರೆಮನೆ ಇದೇ ಮಾದರಿಯಲ್ಲಿ ಅದೇ 1842ರಲ್ಲಿ ತೆರೆಯಿತು. ಮುಂದಿನ ದಶಕಗಳಲ್ಲಿ ಪ್ರಪಂಚದಾದ್ಯಂತ ನೂರಾರು ಸೆರೆಮನೆಗಳು ಈ ನಕ್ಷೆಯನ್ನು ಅನುಸರಿಸಿದವು. 1906ರಲ್ಲಿ ಮುಗಿದ ಅಂಡಮಾನಿನ ಸೆಲ್ಯುಲಾರ್ ಜೈಲಿನ ನಡುಗೋಪುರ, ಅದರಿಂದ ಹೊರಟ ಏಳು ಸಾಲು, 698 ಒಂಟಿ ಕೋಣೆಗಳು ಇದೇ ವಂಶದವು. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿದ್ದೂ ಕೈದಿ ಕೈದಿಯನ್ನು ನೋಡದಿರಲೆಂದೇ.

ಫಿಲಡೆಲ್ಫಿಯಾದಲ್ಲಿ ಪದ್ಧತಿಯನ್ನು ಕೊಂದದ್ದು ಸಂಖ್ಯೆ. ಅಮೆರಿಕದ ಅಂತರ್ಯುದ್ಧದ ನಂತರ ಕೈದಿಗಳ ಸಂಖ್ಯೆ ಏರುತ್ತಾ ಹೋಯಿತು. ಒಬ್ಬನಿಗೆಂದು ಕಟ್ಟಿದ ಕೋಣೆಗೆ ಇಬ್ಬರು ಬಂದರು. ಇಬ್ಬರನ್ನು ಒಂದೇ ಕೋಣೆಯಲ್ಲಿಟ್ಟು ಹೊರಗೆ ಬರುವಾಗ ಮುಸುಕು ಹಾಕುವುದಕ್ಕೆ ಅರ್ಥವಿಲ್ಲ, ಆದರೂ ಮುಸುಕು ಹಲವು ವರ್ಷ ಉಳಿಯಿತು. 1877ರಿಂದ ಏಳು ಸಾಲುಗಳ ನಡುವಿನ ಖಾಲಿ ಜಾಗಗಳಲ್ಲಿ ಹೊಸ ಸಾಲುಗಳನ್ನು ತುರುಕಿದರು. ಹೊಸ ಕೋಣೆಗಳಿಗೆ ಒಂಟಿ ಅಂಗಳವಿರಲಿಲ್ಲ. ಕೊನೆಗೆ 1913ರಲ್ಲಿ ಕಾನೂನಿನಲ್ಲೇ ಪದ್ಧತಿಯನ್ನು ಕೈಬಿಟ್ಟರು. ಅಷ್ಟು ಹೊತ್ತಿಗೆ ಕೈಬಿಡಲು ಹೆಚ್ಚೇನೂ ಉಳಿದಿರಲಿಲ್ಲ. 250 ಜನರಿಗೆ ಯೋಚಿಸಿದ್ದ ಜಾಗದಲ್ಲಿ 1920ರ ದಶಕದಲ್ಲಿ ಸುಮಾರು 1,700 ಮಂದಿ ಇದ್ದರು. 1971ರಲ್ಲಿ ಸೆರೆಮನೆ ಮುಚ್ಚಿತು, 1994ರಿಂದ ಪ್ರವಾಸಿಗಳಿಗೆ ತೆರೆದಿದೆ.

ಇದರಿಂದ ಹಾನಿಯಾಗಿದೆ, ಆದ್ದರಿಂದ ಬಿಡುತ್ತೇವೆ ಎಂದು ರಾಜ್ಯ ಎಲ್ಲೂ ಹೇಳಲಿಲ್ಲ. ಹೇಳಿದ್ದು ದೇಶದ ಸುಪ್ರೀಂ ಕೋರ್ಟ್, ಅದೂ ಕೊಲರಾಡೊ ರಾಜ್ಯದ ಬೇರೊಂದು ಪ್ರಕರಣದಲ್ಲಿ. 1889ರ ಮೇ ತಿಂಗಳಲ್ಲಿ ಹೆಂಡತಿಯನ್ನು ಕೊಂದ ಜೇಮ್ಸ್ ಮೆಡ್ಲಿಗೆ, ಕೊಲೆಯ ನಂತರ ಜಾರಿಗೆ ಬಂದ ಕಾನೂನಿನಂತೆ ಗಲ್ಲಿಗೆ ಮುನ್ನ ಒಂಟಿ ಸೆರೆ ವಿಧಿಸಿದ್ದರು. 1890ರ ತೀರ್ಪಿನಲ್ಲಿ ನ್ಯಾಯಮೂರ್ತಿ ಮಿಲ್ಲರ್ ವಾಲ್ನಟ್ ಬೀದಿಯಿಂದ ಶುರುವಾದ ಇತಿಹಾಸವನ್ನು ತೆಗೆದು, ಅಲ್ಪ ಕಾಲದ ಒಂಟಿತನದಿಂದಲೂ ಎಷ್ಟೋ ಕೈದಿಗಳು ಅರೆಪ್ರಜ್ಞೆಯವರಂತಾದರು, ಕೆಲವರು ಹುಚ್ಚರಾದರು, ಕೆಲವರು ಆತ್ಮಹತ್ಯೆ ಮಾಡಿಕೊಂಡರು ಎಂದು ಬರೆದರು. ಒಂಟಿ ಸೆರೆ ಬರೀ ಕಾಯುವ ವಿಧಾನವಲ್ಲ, ಹೆಚ್ಚುವರಿ ಶಿಕ್ಷೆ. ಅಪರಾಧದ ನಂತರ ಅದನ್ನು ಸೇರಿಸುವಂತಿಲ್ಲ ಎಂಬುದು ತೀರ್ಮಾನ. ಮೆಡ್ಲಿ ಬಿಡುಗಡೆಯಾದ. ಭಾರತದ ದಂಡ ಸಂಹಿತೆ 1860ರಲ್ಲೇ ಇದಕ್ಕೆ ಗಡಿ ಹಾಕಿತ್ತು: ಒಂದು ಶಿಕ್ಷೆಯಲ್ಲಿ ಒಟ್ಟು ಮೂರು ತಿಂಗಳು, ಒಮ್ಮೆಗೆ 14 ದಿನ ಮೀರುವಂತಿಲ್ಲ. ಇಂದಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಗಡಿ ಇದೆ. ಅಮೆರಿಕದಲ್ಲಿ ಮೆಡ್ಲಿ ತೀರ್ಪು ಅಂಥ ಗಡಿ ಹಾಕಲಿಲ್ಲ.

ಆ ಖಾಲಿ ಜಾಗದಲ್ಲಿ ಒಂಟಿ ಕೋಣೆ ಮರಳಿತು. ಇಲಿನಾಯ್ ರಾಜ್ಯದ ಮೇರಿಯನ್ ಸೆರೆಮನೆಯಲ್ಲಿ 1983ರ ಅಕ್ಟೋಬರ್ 22ರಂದು ಇಬ್ಬರು ಕಾವಲುಗಾರರ ಕೊಲೆಯಾದ ಮೇಲೆ ಇಡೀ ಸೆರೆಮನೆಗೆ ಬೀಗ ಬಿತ್ತು. ತಾತ್ಕಾಲಿಕ ಎಂದದ್ದು ಎರಡು ದಶಕ ದಾಟಿತು. 1989ರಲ್ಲಿ ಕ್ಯಾಲಿಫೋರ್ನಿಯಾದ ಪೆಲಿಕನ್ ಬೇ ಸೆರೆಮನೆ ತೆರೆಯಿತು: ಕಿಟಕಿಯಿಲ್ಲದ ಸುಮಾರು 80 ಚದರ ಅಡಿಯ ಕೋಣೆ, ದಿನಕ್ಕೆ 22 ಗಂಟೆಗೂ ಹೆಚ್ಚು ಒಳಗೆ. ಹ್ಯಾವಿಲ್ಯಾಂಡನ ಮೊದಲ ಕೋಣೆ 96 ಚದರ ಅಡಿ, ಅಂಗಳ ಬೇರೆ. ಈ ಬಾರಿ ಆತ್ಮಶೋಧನೆಯ, ತಿದ್ದುಪಡಿಯ ಮಾತು ಯಾರೂ ಆಡಲಿಲ್ಲ. ಕಾರಣ ಭದ್ರತೆ ಮಾತ್ರ. 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ, ಕೈದಿಗಳನ್ನು ನಡೆಸಿಕೊಳ್ಳುವ ಬಗೆಗಿನ ಮಂಡೇಲಾ ನಿಯಮಗಳು ಸತತ 15 ದಿನ ಮೀರಿದ ಒಂಟಿ ಸೆರೆಯನ್ನು ನಿಷೇಧಿಸಬೇಕೆಂದವು.

ಪೆನ್ಸಿಲ್ವೇನಿಯಾದಲ್ಲೇ ಮರಣದಂಡನೆಗೆ ಗುರಿಯಾದವರನ್ನು, ಬೇರೆ ಯಾವ ಕಾರಣವೂ ಇಲ್ಲದೆ, ಶಿಕ್ಷೆ ಬಿದ್ದ ದಿನದಿಂದ ಒಂಟಿ ಕೋಣೆಯಲ್ಲಿಡುವುದು ನಡೆದೇ ಇತ್ತು. ಕೆಲವರು ದಶಕಗಳನ್ನು ಹಾಗೆ ಕಳೆದರು. ಕೈದಿಗಳು ಹೂಡಿದ ಮೊಕದ್ದಮೆ 2019ರ ನವೆಂಬರ್‌ನಲ್ಲಿ ರಾಜಿಯಾಗಿ, ವಾರಕ್ಕೆ ಕನಿಷ್ಠ 42.5 ಗಂಟೆ ಕೋಣೆಯಿಂದ ಹೊರಗಿರುವ ಹಕ್ಕು ಅವರಿಗೆ ಸಿಕ್ಕಿತು.